ಎದೆ ಮೇಲೆ ಕೂತಿದ್ದವಳು

‘ರಿಂಗ್ ರೋಡಲ್ಲಿ ಎರಡು ಗಂಟೆ ನಿಂತಿದ್ದೆ ಕಣೇ, ನೈಟ್‌ಮೇರ್!’ ಮಗಳು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು. ಹಾಡಹಗಲಲ್ಲಿ, ಕಣ್ಣು ಬಿಟ್ಟುಕೊಂಡೇ ಕಂಡ ನೈಟ್‌ಮೇರ್. ಪಾಪ, ಆ ಪದಕ್ಕೆ ಎಂಥ ಗತಿ ಬಂತು ಅನ್ನಿಸಿತು.

ಮೇರ್ ಅಂದರೆ ಹೆಣ್ಣು ಕುದುರೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ನಾನು, ನೈಟ್‌ಮೇರ್ ರಾತ್ರಿ ಬರುವ ಕುದುರೆ ಎಂದೇ ಬಹಳ ಕಾಲ ನಂಬಿದ್ದೆ. 1781ರಲ್ಲಿ ಇದೇ ಹೆಸರಿನ ಚಿತ್ರ ಬರೆದ ಹೆನ್ರಿ ಫ್ಯೂಸೆಲಿ ಕೂಡ ಪರದೆಯ ಸಂದಿಯಿಂದ ಕುದುರೆ ತಲೆಯೊಂದನ್ನು ಇಣುಕಿಸಿದ್ದಾನೆ. ಬೇಕೆಂದೇ ಮಾಡಿದ ಶ್ಲೇಷೆಯೋ ಏನೋ. ಆದರೆ ಅಸಲು ಆಸಾಮಿ ಅದಲ್ಲ. ಮಂಚದಿಂದ ತಲೆ ಜೋತುಬಿಟ್ಟು ಮಲಗಿದ ಹೆಣ್ಣಿನ ಎದೆ ಮೇಲೆ ಕುಕ್ಕರುಗಾಲಲ್ಲಿ ಕೂತು ನಮ್ಮನ್ನೇ ನೋಡುತ್ತದಲ್ಲ, ಅದು. ಹಳೆಯ ಇಂಗ್ಲಿಷಿನ ಈ ‘ಮೇರ್’ಗೂ ಕುದುರೆಗೂ ನೆಂಟಸ್ತಿಕೆಯೇ ಇಲ್ಲ. ಮಲಗಿದವರ ಎದೆಯೇರಿ ಉಸಿರು ಕಟ್ಟಿಸುವ ದೆವ್ವ ಅದು. ಉತ್ತರದ ನಾರ್ಸ್ ಜನರ ಬಾಯಲ್ಲಿ ಮಾರಾ. ಫ್ರೆಂಚರ ಕೋಶ್‌ಮಾರ್‌ನಲ್ಲೂ ಅವಳೇ. 1755ರ ನಿಘಂಟಿನಲ್ಲಿ ಸಾಮ್ಯುಯೆಲ್ ಜಾನ್ಸನ್ ಕೊಟ್ಟ ಅರ್ಥವೂ ಎದೆಯ ಮೇಲಿನ ಭಾರ, ಬರೀ ಕೆಟ್ಟ ಕನಸಲ್ಲ. ಇಂಗ್ಲೆಂಡಿನ ಗಾಡಿಯವರು ಕುದುರೆ ಲಾಯದಲ್ಲಿ ತೂತಿನ ಕಲ್ಲು ನೇತುಹಾಕುತ್ತಿದ್ದುದನ್ನು 17ನೇ ಶತಮಾನದ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ರಾತ್ರಿ ಅವಳು ಬಂದು ಕುದುರೆ ಸವಾರಿ ಮಾಡಬಾರದಲ್ಲ!

ಅದನ್ನು ಓದಿದಾಗ ನೆನಪಾದದ್ದು ಅಜ್ಜಿಯ ಅಡಕತ್ತರಿ. ನನಗಾಗ ಹತ್ತು ವರ್ಷವಿರಬೇಕು. ಒಂದು ರಾತ್ರಿ ಎಚ್ಚರವಾಗಿದೆ, ಗೂಡಿನ ಬುಡ್ಡಿದೀಪ ಕಾಣುತ್ತಿದೆ, ಕೈ ಎತ್ತಲಾಗುತ್ತಿಲ್ಲ, ‘ಅಜ್ಜಿ’ ಅನ್ನಲು ನಾಲಿಗೆ ಹೊರಳುತ್ತಿಲ್ಲ. ಬೆಳಿಗ್ಗೆ ಹೇಳಿದೆ. ಅವಳು ಬೆಚ್ಚಲಿಲ್ಲ, ನಗಲೂ ಇಲ್ಲ. ‘ಎದೆ ಮೇಲೆ ಕೂತಿತ್ತಾ?’ ಎಂದಷ್ಟೇ ಕೇಳಿದಳು. ಅವತ್ತು ರಾತ್ರಿ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು ನನ್ನ ದಿಂಬಿನ ಕೆಳಗಿಟ್ಟಳು. ಕೀಲಿನಲ್ಲಿ ಒಣಗಿದ ಸುಣ್ಣ, ಹಿಡಿಗೆ ಹೊಗೆಸೊಪ್ಪಿನ ಘಾಟು. ‘ಕಬ್ಬಿಣ ಇದ್ರೆ ಹತ್ರ ಸುಳಿಯಲ್ಲ, ಮಲಕ್ಕೋ ಮಗ.’

ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲವಾಗಿ ಬಿದ್ದಿರುತ್ತವೆ, ಒಮ್ಮೊಮ್ಮೆ ಮೈಗಿಂತ ಮೊದಲು ಮನಸ್ಸು ಏಳುತ್ತದೆ ಎಂದು ಈಗ ಗೊತ್ತು. ಗೊತ್ತಾಗಿದ್ದು ಒಳ್ಳೆಯದೇ. ಆದರೆ 19ನೇ ಶತಮಾನದಿಂದೀಚೆಗೆ ನೈಟ್‌ಮೇರ್ ಸವೆಯುತ್ತಾ ಬಂದು ಮೊದಲು ಕೆಟ್ಟ ಕನಸಾಯಿತು, ಆಮೇಲೆ ಯಾವುದೇ ರಗಳೆ. ನಮ್ಮ ಪತ್ರಿಕೆಗಳೂ ‘ಬೌಲರ್‌ಗಳ ಪಾಲಿಗೆ ದುಃಸ್ವಪ್ನ’ ಎಂದು ಬರೆಯುತ್ತವೆ. ಅದರಲ್ಲಿ ಎದೆಯೂ ಇಲ್ಲ, ಭಾರವೂ ಇಲ್ಲ.

ಹೋದ ವರ್ಷ ಮಗಳಿಗೂ ಹಾಗೇ ಆಯಿತು. ನಾನು ಎದ್ದು ಹೋಗುವಷ್ಟರಲ್ಲಿ ಮೊಬೈಲ್ ನೋಡಿ, ‘ಸ್ಲೀಪ್ ಪ್ಯಾರಾಲಿಸಿಸ್ ಅಂತೆ ಅಪ್ಪ’ ಎಂದು ಮಗ್ಗುಲು ಬದಲಿಸಿದಳು. ಆದರೂ ಅಟ್ಟದ ಟ್ರಂಕಿನಲ್ಲಿ ಹುಡುಕಿದೆ. ಅಡಕತ್ತರಿ ಸಿಕ್ಕಿತು. ತುಕ್ಕು ಹಿಡಿದು ಬಾಯಿ ಕಚ್ಚಿಕೊಂಡಿತ್ತು, ಎಷ್ಟು ಎಳೆದರೂ ಬಿಡಲಿಲ್ಲ.