ಸವಾರಿ ಬಂಡಿಗೆ ಮತ್ತೆ ಜೀವ ಬಂತು

ನಮ್ಮ ಹುನಗುಂದ, ಇಳಕಲ್ಲ ಸೀಮೆಯ ಹೆಣ್ಣುಮಕ್ಕಳಿಗೆ ಬನಶಂಕರಿ ಜಾತ್ರೆಯೆಂದರೆ ತವರಿಗೆ ಹೊರಟಷ್ಟೇ ಸಡಗರ. ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರ, ಚೊಳಚಗುಡ್ಡದ ಬಳಿ ತಾಯಿ ನೆಲೆಸಿದ್ದಾಳೆ. ಪುಷ್ಯ ಮಾಸದಲ್ಲಿ ಬನದ ಹುಣ್ಣಿಮೆಯ ದಿನ ತೇರು. ಈಗ ಬಸ್ಸು, ಟಂಟಂ, ಕಾರು ಎಲ್ಲ ಇವೆ. ಬೆಳಿಗ್ಗೆ ಹೋಗಿ ರಾತ್ರಿ ಊಟದ ಹೊತ್ತಿಗೆ ಮನೆಗೆ ಬರಬಹುದು. ಹಿಂದೆ ಹಾಗಲ್ಲ. ಸವಾರಿ ಬಂಡಿ ಕಟ್ಟಿಕೊಂಡು, ದಾರಿಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಬಂಡಿಯಲ್ಲೇ ಮಲಗಿ ಎದ್ದು ಹೋಗುತ್ತಿದ್ದರು. ಮನೆಯಂತಹ ಮೋಟಾರು ಗಾಡಿಯಲ್ಲಿ ಊರೂರು ತಿರುಗುವವರನ್ನು ಟಿವಿಯಲ್ಲಿ ನೋಡಿ ನಮ್ಮ ಅತ್ತೆ, "ಇದರಾಗ ಹೊಸಾದೇನೈತಿ? ನಾವೂ ಹಂಗ ಹೋಗ್ತಿದ್ವಲ್ಲ!" ಅಂದಿದ್ದರು.

ನಮ್ಮ ಊರು ಅಮೀನಗಡದ ಹತ್ತಿರ. ಮಾವನವರು ಮಾಡಿಸಿದ ಸವಾರಿ ಬಂಡಿ ಅವರು ತೀರಿಕೊಂಡ ಮೇಲೆ ಕೊಟ್ಟಿಗೆಯ ಮೂಲೆ ಸೇರಿತ್ತು. ಕೋಳಿ ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ಹೊಟೇಲಿನ ಬಾಗಿಲ ಮುಂದೆ ಅಂದಕ್ಕೆ ನಿಲ್ಲಿಸಲು ಒಬ್ಬರು ಅದನ್ನು ಕೇಳಿದ್ದರು. ಯುಗಾದಿ ಮುಗಿದ ಮೇಲೆ ಒಯ್ಯಿರಿ ಎಂದು ನಮ್ಮ ಯಜಮಾನರು ಒಪ್ಪಿಯೂ ಇದ್ದರು. ಆದರೆ 2020ರ ಯುಗಾದಿ ಬಂದದ್ದು ಮಾರ್ಚ್ 25ರಂದು. ಅಂದೇ ದೇಶಕ್ಕೆಲ್ಲ ಲಾಕ್‌ಡೌನ್! ಕೊಳ್ಳುವವರು ಬರಲಿಲ್ಲ. ಇಳಕಲ್ಲದ ನಮ್ಮ ಸೀರೆ ಅಂಗಡಿಗೆ ಬೀಗ ಬಿತ್ತು. ಅಷ್ಟರಲ್ಲೇ ಬೆಂಗಳೂರಿನಿಂದ ಮಗನೂ ಮನೆ ಸೇರಿದ್ದ. ಎಲ್ಲರೂ ಮನೆಯಲ್ಲೇ, ಕೈಗೆ ಕೆಲಸವಿಲ್ಲ.

ಆಗ ಅತ್ತೆ ಬಾಯಿಬಿಟ್ಟರು: "ಬಂಡಿ ಕೊಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಒಮ್ಮಿ ಅದರಾಗ ನನ್ನ ಬನಶಂಕರಿಗೆ ಕರಕೊಂಡು ಹೋಗಿ ಬಂದು ಕೊಡ್ರಿ." ಅವರಿಗೆ ಆಗ 74 ವರ್ಷ. ಮತ್ತೆಷ್ಟು ಜಾತ್ರೆ ಕಂಡಾರು ಎಂಬ ಅಳುಕು ನಮಗೆಲ್ಲ ಇತ್ತು. ಮರುದಿನವೇ ಬಂಡಿಯನ್ನು ಅಂಗಳಕ್ಕೆ ಎಳೆದೆವು.

ಮೊದಲು ಕಸ ತೆಗೆದು, ಕಟ್ಟಿಗೆಯನ್ನೆಲ್ಲ ಬೆರಳಿನಿಂದ ತಟ್ಟಿ ನೋಡಿದೆವು. ಟೊಳ್ಳು ಸದ್ದು ಬಂದಲ್ಲಿ ಗೆದ್ದಲು. ಹಲಗೆಗಳನ್ನು ಬಿಸಿಲಿಗೆ ಒಣಗಿಸಿ ಬೇವಿನೆಣ್ಣೆ ಬಳಿದೆವು. ಓಣಿಯ ಬಡಿಗೇರಣ್ಣ ಅಂಗಳಕ್ಕೇ ಬಂದು, ಮುರಿದ ಅರೆಕಾಲುಗಳನ್ನು ತೆಗೆದು ಜಾಲಿ ಕಟ್ಟಿಗೆಯ ಹೊಸವನ್ನು ಕೂಡಿಸಿದ. ರಬ್ಬರ್ ಟೈರು ಹಾಕಿದರೆ ಎತ್ತಿಗೂ ಹಗುರ, ಆಯಿಗೂ ಕುಲುಕು ಕಡಿಮೆ ಎಂದು ಮಗನ ವಾದ. ಅದು ಸುಳ್ಳಲ್ಲ. ಆದರೆ ಟೈರು ಹಾಕಬೇಕಾದರೆ ಅಚ್ಚು, ಗಾಲಿ ಎರಡೂ ಬದಲಾಗಬೇಕು. ಮಾವನವರ ಬಂಡಿ ಎನ್ನಲು ಉಳಿಯುವುದೇನು? ಹಾಸಿಗೆಯನ್ನೇ ಮೆತ್ತಗೆ ಮಾಡೋಣ ಎಂದು ನಾನು ಹೇಳಿದೆ. ಎಲ್ಲರೂ ಒಪ್ಪಿದರು.

ನಿರ್ಬಂಧ ಸಡಿಲವಾದ ಮೇಲೆ ಕಮ್ಮಾರರ ಕೆಲಸ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗಿದರೆ ಗಾಲಿಯ ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲಾಗುತ್ತದೆ. ಅದನ್ನು ಬಿಚ್ಚಿ, ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಕತ್ತರಿಸಿ ಬೆಸೆದರು. ಕುಳ್ಳು ಸುತ್ತಲೂ ಒಟ್ಟಿ ಕೆಂಪಗೆ ಕಾಯಿಸಿ, ಇಕ್ಕಳದಿಂದ ಎತ್ತಿ ಗಾಲಿಗೆ ತೊಡಿಸಿದರು. ಕೂಡಲೇ ಬಕೀಟುಗಟ್ಟಲೆ ನೀರು! ಚುಂಯ್ ಎಂದು ಹೊಗೆ ಎದ್ದು, ಪಟ್ಟಿ ಕಚ್ಚಿಕೊಂಡಿತು. ಕಬ್ಬಿಣ ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಕಣ್ಣಾರೆ ಕಂಡದ್ದು ಅಂದೇ.

ಮೇಲ್ಹೊದಿಕೆಯ ಕೆಲಸ ನನ್ನ ಪಾಲಿಗೆ. ಬಿದಿರಿನ ಕಮಾನುಗಳ ಮೇಲೆ ಹೊಸ ಚಾಪೆ, ಅದರ ಮೇಲೆ ಬಾಗಲಕೋಟೆಯಿಂದ ತರಿಸಿದ ತಾಡಪಾಲು. ಒಳಗಡೆಗೆ ಅತ್ತೆಯ ಮೂರು ಹಳೆಯ ಇಳಕಲ್ಲ ಸೀರೆ ಬಿಚ್ಚಿ ಹೊಲಿದೆ. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಅವನ್ನು ಕೂಡಿಸಿ ನೇಯುತ್ತಾರೆ. ನಮ್ಮ ಸೀರೆಗಳ ಒಡಲು ಸವೆದಿದ್ದರೂ ಟೋಪಿ ತೆನೆಯ ಸೆರಗು ಗಟ್ಟಿಯಾಗಿತ್ತು. ಅದನ್ನೇ ಹಿಂದಿನ ಪರದೆ ಮಾಡಿದೆ. ಪಾತ್ರೆ ತೂಗಿಸಲು ಕೊಕ್ಕೆ, ನಲ್ಲಿಯಿರುವ ನೀರಿನ ಡಬ್ಬಿ, ಕೂಡುವ ಹಲಗೆಯ ಕೆಳಗೆ ಹಿಟ್ಟು ಬೇಳೆಯ ಪೆಟ್ಟಿಗೆ, ಬಿಸಿಲಿಗೆ ಚಾರ್ಜ್ ಆಗುವ ಒಂದು ದೀಪ, ಇವು ಹೊಸ ಅನುಕೂಲಗಳು. ರಾತ್ರಿ ಲಾರಿಯವರಿಗೆ ಕಾಣಲೆಂದು ಹಿಂದೆ ಮಿನುಗುವ ಕೆಂಪು ಪಟ್ಟಿ ಹಚ್ಚಿದವನು ಮಗ.

ಬಂಡಿ ಸಿದ್ಧವಾಯಿತು. ಆದರೆ ಕೊರೊನಾದಿಂದ 2021, 2022ರಲ್ಲಿ ನಾವು ಹೊರಡಲಿಲ್ಲ. ಅತ್ತೆ ಪ್ರತಿ ಅಮಾವಾಸ್ಯೆಗೆ ಗಾಲಿಗೆ ಕುಂಕುಮ ಹಚ್ಚಿ ಸುಮ್ಮನೆ ಒಳಗೆ ಬರುತ್ತಿದ್ದರು. ನೋಡಲು ಸಂಕಟವಾಗುತ್ತಿತ್ತು.

2023ರಲ್ಲಿ ಬನದ ಹುಣ್ಣಿಮೆ ಜನವರಿ 6ಕ್ಕೆ. 4ರ ನಸುಕಿನಲ್ಲಿ ಹೊರಟೆವು. ಎತ್ತಿನ ನಡಿಗೆ ತಾಸಿಗೆ ಮೂರು ನಾಲ್ಕು ಕಿಲೋಮೀಟರ್ ಅಷ್ಟೇ. ಮೊದಲ ವಸ್ತಿ ಐಹೊಳೆ. ಅಲ್ಲಿಯ ದುರ್ಗಾ ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ. "ನಮ್ಮ ಬಂಡಿ ಚಾಪಿ ನೋಡೇ ಕಟ್ಟ್ಯಾರೇನೋ!" ಎಂದು ಅತ್ತೆ ನಕ್ಕರು. ಎರಡನೆಯ ವಸ್ತಿ ಮಲಪ್ರಭೆಯ ದಂಡೆಯ ಪಟ್ಟದಕಲ್ಲು. 1987ರಿಂದ ಅದು ವಿಶ್ವ ಪರಂಪರೆಯ ತಾಣ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಹೆಣ್ಣುಮಗಳು ಕಟ್ಟಿಸಿದ ಗುಡಿಯೆಂದು ತಿಳಿದು ಅತ್ತೆ ಮತ್ತೊಮ್ಮೆ ಕೈಮುಗಿದರು.

6ರ ಮಧ್ಯಾಹ್ನ ಬನಶಂಕರಿ ಮುಟ್ಟಿದೆವು. ಕಲ್ಲು ಕಂಬಗಳ ಮಂಟಪವಿರುವ ಹರಿದ್ರಾ ತೀರ್ಥದಲ್ಲಿ ಕಾಲು ತೊಳೆದು ದರ್ಶನ ಪಡೆದೆವು. ಶಾಕಂಭರಿ ಎಂದೇ ಹೆಸರಾದ ತಾಯಿಗೆ ಈ ಜಾತ್ರೆಯಲ್ಲಿ 108 ಬಗೆಯ ಪಲ್ಯದ ನೈವೇದ್ಯ. ಬುಟ್ಟಿ ಹೊತ್ತು ರೊಟ್ಟಿ, ಮೊಸರು ಮಾರುವ ಹೆಣ್ಣುಮಕ್ಕಳು, ಬಾಗಿಲು, ಚೌಕಟ್ಟು, ತೊಟ್ಟಿಲು ಮಾರುವ ಸಾಲು, ನಾಟಕ ಕಂಪನಿಗಳ ಡೇರೆ! ಸಂಜೆ ತೇರು ಎಳೆದಾಗ ಅತ್ತೆ ಬಂಡಿಯ ಮೇಲೆ ನಿಂತೇ ಉತ್ತತ್ತಿ ಎಸೆದರು.

ಮನೆಗೆ ಬಂದ ಮೇಲೆ ಅತ್ತೆಯೇ, "ನನ್ನ ಮಾತು ನಡೀತು. ಇನ್ನ ಕೊಡ್ರಿ" ಅಂದರು. ಯಜಮಾನರು ಉತ್ತರ ಕೊಡಲಿಲ್ಲ. ಗಾಲಿಗೆ ಎಣ್ಣೆ ಬಿಡಲು ಮಗನನ್ನು ಕರೆದರು. ಬಂಡಿ ಇಂದಿಗೂ ನಮ್ಮಲ್ಲೇ ಇದೆ.

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂತಹ ಬಂಡಿಯಿದ್ದರೆ ಕೆಲವು ಮಾತು. ಮಳೆಗಾಲಕ್ಕೆ ಮುಂಚೆ ಗಾಲಿಯನ್ನು ನೆಲದಿಂದ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿ. ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕಿ. ಹರಳೆಣ್ಣೆಗೆ ನುಣ್ಣಗಿನ ಇದ್ದಲಪುಡಿ ಕಲಸಿದರೆ ಆಯಿತು. ಹಾಸಿಗೆಗೆ ಕೆಳಗೆ ಒಣಹುಲ್ಲು, ಮೇಲೆ ಎರಡು ಕೌದಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ ಕೆಡುವುದಿಲ್ಲ. ಮಾದಲಿಯಂತೂ ಬೇಕೇ ಬೇಕು: ಗೋಧಿ ಹಿಟ್ಟಿನ ದಪ್ಪ ಚಪಾತಿಯನ್ನು ಗರಿಗರಿ ಬೇಯಿಸಿ ಕುಟ್ಟಿ, ಬೆಲ್ಲದ ಪುಡಿ, ಒಣಕೊಬ್ಬರಿ, ಹುರಿದ ಗಸಗಸೆ, ಪುಟಾಣಿ, ಏಲಕ್ಕಿ ಬೆರೆಸಿಡಿ. ತಿನ್ನುವಾಗ ಬಿಸಿ ಹಾಲು, ತುಪ್ಪ ಹಾಕಿಕೊಳ್ಳಿ.