ಆರೂವರೆ ಸುತ್ತಿನ ಹೀರೋ

ಸಿನಿಮಾದಲ್ಲಿ ಕಾರ್ ರೇಸ್ ಅಂದ್ರೆ ಹೇಗಿರುತ್ತೆ, ನೀವೇ ಹೇಳಿ. ಹೀರೋ ಕೈಗವಸು ಎಳ್ಕೊಂಡು ಬರ್ತಾನೆ. ಹೀರೋಯಿನ್ ಮೇಲಿಂದ ಕರವಸ್ತ್ರ ಬೀಸ್ತಾಳೆ. ಹಿಂದಿನ ರಾತ್ರಿ ವಿಲನ್ ಕಡೆಯವನೊಬ್ಬ ಕಾರಿನ ಕೆಳಗೆ ನುಗ್ಗಿ ಬ್ರೇಕ್ ಕಟ್ ಮಾಡಿರ್ತಾನೆ. ಆದ್ರೂ ಕೊನೇ ತಿರುವಿನಲ್ಲಿ ನಮ್ಮ ಹೀರೋನೇ ಮುಂದೆ... ಸೀಟಿ, ಚಪ್ಪಾಳೆ! 1972ರ ಹಿಂದಿ ‘ಅಪರಾಧ್’ನಲ್ಲಿ ಫಿರೋಜ್ ಖಾನ್ ರೇಸ್ ಡ್ರೈವರ್ ಆಗಿ ಬಂದಾಗಿನಿಂದ ಈ ಲೆಕ್ಕ ಹೆಚ್ಚು ಬದಲಾಗಿಲ್ಲ.

ನಾನು ನೋಡಿದ ರೇಸಿನಲ್ಲಿ ಹೀರೋಯಿನ್ ಇರಲಿಲ್ಲ. ಸೊಳ್ಳೆ ಇತ್ತು, ಕರಿ ಆಯಿಲ್ ಇತ್ತು, ಆರಿದ ಇಡ್ಲಿ ಇತ್ತು. ಇನ್ನು ವಿಲನ್? ಇದ್ದ. ಯಾರು ಅಂತ ಆಮೇಲೆ ಹೇಳ್ತೀನಿ.

ನಮ್ಮ ಡ್ರೈವರ್ ನನ್ನ ಗೆಳೆಯ. ಪಿಯುಸಿಯಲ್ಲಿ ಒಂದೇ ಬೆಂಚು. ನಾನು ಅರ್ಧಕ್ಕೆ ಬಿಟ್ಟೆ, ಅವನು ಮುಗಿಸಿದ. ಹೆಸರು ಹಾಕೋ ಹಾಗಿಲ್ಲ, ಅವರ ಮನೇಲಿ ಈ ಪತ್ರಿಕೆ ತರಿಸ್ತಾರೆ. ಅವನು ಚೀಟಿ ದುಡ್ಡು ಎತ್ತಿ ರೇಸಿಗೆ ಸುರಿದಿದ್ದು ಅವರಪ್ಪನಿಗೆ ಇನ್ನೂ ಗೊತ್ತಿಲ್ಲ. ಆದ್ದರಿಂದ ಇಲ್ಲಿ ಅವನು ‘ಹೀರೋ’. ಜೊತೆಗೆ ಭಾಯ್. ಜೆ.ಸಿ. ರೋಡಿನ ಹಿಂದಿನ ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಇಂಜಿನ್ ಬಿಚ್ಚಿ ಕಟ್ಟುತ್ತಿರುವ ಮೇಸ್ತ್ರಿ. ಭಾಯ್ ಗ್ಯಾರೇಜಿನ ಒಬ್ಬ ಹುಡುಗ. ನಾನು ಬರೆಯೋನು ಅನ್ನೋ ನೆಪದಲ್ಲಿ ನಾಲ್ಕನೆಯವನು. ಇಷ್ಟೇ ಸ್ವಾಮಿ, ನಮ್ಮ ರೇಸಿಂಗ್ ಟೀಮು!

ಕಾರು ಹಳೇ ಮಾರುತಿ ಎಸ್ಟೀಮ್. 1994ರಲ್ಲಿ ಬಂದ ಗಾಡಿ, ತಯಾರಿ ನಿಂತು ಎಷ್ಟೋ ವರ್ಷ ಆಯ್ತು. ಆದರೂ ಬಡ ರೇಸುಗಾರರಿಗೆ ಅದೇ ಕಾಮಧೇನು. ಹಗುರ, 1300 ಸಿ.ಸಿ. ಇಂಜಿನ್, ಬಿಡಿಭಾಗ ಅಗ್ಗ. ಒಳಗಿನ ಸೀಟು, ಕಾರ್ಪೆಟ್, ಬಾಗಿಲಿನ ಹೊದಿಕೆ ಎಲ್ಲಾ ಕಿತ್ತು ಬಿಸಾಕಿ, ಕಬ್ಬಿಣದ ಪೈಪಿನ ಪಂಜರ ಬೆಸುಗೆ ಹಾಕಿ, ಡ್ರೈವರ್‌ಗೊಂದು ಸೀಟು ಕೂರಿಸಿದರೆ ರೇಸ್ ಕಾರು. ಪಲ್ಟಿ ಹೊಡೆದ್ರೆ ತಲೆ ಉಳಿಸೋದು ಆ ಪಂಜರವೇ.

ಗುರುವಾರ ರಾತ್ರಿ ಟೆಂಪೋ ಮೇಲೆ ಕಾರು ಕಟ್ಟಿಕೊಂಡು ಹೊರಟೆವು. ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು... ಬೆಳಗಿನ ಜಾವ ಕಾಂಚೀಪುರದ ಪಕ್ಕ ಹಾದು ಶ್ರೀಪೆರಂಬುದೂರು. ನಮ್ಮ ಮೇಲುಕೋಟೆಗೆ ಬಂದು ನೆಲೆಸಿದ್ದ ರಾಮಾನುಜಾಚಾರ್ಯರು ಹುಟ್ಟಿದ ಊರು. 1991ರ ಮೇ 21ರಂದು ರಾಜೀವ್ ಗಾಂಧಿ ಹತ್ಯೆಯಾದ ಊರೂ ಇದೇ, ಸ್ಮಾರಕ ಅಲ್ಲೇ ಇದೆ. ಅಲ್ಲಿಂದ ಮದ್ರಾಸ್ ಕಡೆಗೆ ಸ್ವಲ್ಪ ದೂರ ಹೋದರೆ ಇರುಂಗಾಟ್ಟುಕೋಟೆ. ಒಂದು ಕಡೆ ದೊಡ್ಡ ಕಾರ್ಖಾನೆಗಳು, ಇನ್ನೊಂದು ಕಡೆ ಮುಳ್ಳುಪೊದೆಯ ನಡುವೆ ರೇಸ್ ಟ್ರ್ಯಾಕ್.

ಹಿಂದೆ ಈ ರೇಸುಗಳು ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ ನಡೀತಿದ್ವು. ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಅದು. ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಕೂಡ 1980ರ ದಶಕದಲ್ಲಿ ಅಲ್ಲಿ ಕಾರು ಓಡಿಸಿದವರೇ. 1990ರಲ್ಲಿ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಇರುಂಗಾಟ್ಟುಕೋಟೆಯಲ್ಲಿ ತಮ್ಮದೇ ಟ್ರ್ಯಾಕ್ ಮಾಡಿಕೊಂಡರು. ಸುತ್ತಿಗೆ 3.7 ಕಿಲೋಮೀಟರು, ಹನ್ನೆರಡು ತಿರುವು. ಕನ್ನಡದ ಹುಡುಗ ರಾಷ್ಟ್ರಮಟ್ಟದಲ್ಲಿ ಓಡಿಸಬೇಕು ಅಂದ್ರೆ ಇಲ್ಲಿಗೆ ಬರಬೇಕು, ಇಲ್ಲಾ ಕೊಯಮತ್ತೂರಿಗೆ ಹೋಗಬೇಕು. ಬೆಂಗಳೂರಿನ ಗ್ಯಾರೇಜುಗಳಲ್ಲಿ ಅಷ್ಟೊಂದು ರೇಸ್ ಕಾರು ತಯಾರಾಗ್ತವೆ, ಓಡೋಕೆ ಮಾತ್ರ ಪಕ್ಕದ ರಾಜ್ಯ. ಇದೇನು ವಿಚಿತ್ರವೋ!

ಶುಕ್ರವಾರ ಪ್ರಾಕ್ಟೀಸು. ನಾಲ್ಕನೇ ಸುತ್ತಿಗೇ ಕ್ಲಚ್ ಕೇಬಲ್ ತುಂಡು. ಭಾಯ್ ಬೀಡಿ ಹಚ್ಚಿ, “ಹೋಗ್ಲಿ ಬಿಡು, ದೃಷ್ಟಿ ಹೋಯ್ತು” ಅಂದರು. ಬದಲಿ ಕೇಬಲ್ ಇತ್ತು, ಹಾಕಿದರು. ದೃಷ್ಟಿ ಹೋಗಿರಲಿಲ್ಲ ಅಂತ ಶನಿವಾರ ಗೊತ್ತಾಯ್ತು.

ಶನಿವಾರ ಮಧ್ಯಾಹ್ನ ಕ್ವಾಲಿಫೈಯಿಂಗು. ಅಂದ್ರೆ ಯಾರು ಒಂದು ಸುತ್ತನ್ನ ಬೇಗ ಮುಗಿಸ್ತಾರೋ ಅವರು ಭಾನುವಾರದ ರೇಸಿನಲ್ಲಿ ಮುಂದಿನ ಸಾಲು. ಹೀರೋಗೆ ಈ ಸಲ ಬೇರೆ ಒಂದು ಲೆಕ್ಕ ಇತ್ತು. ದೊಡ್ಡ ಟೀಮೊಂದರ ಮ್ಯಾನೇಜರ್ ಹಿಂದಿನ ಸಲ ಅವನ ಭುಜ ತಟ್ಟಿ, ಮೊದಲ ಹತ್ತರೊಳಗೆ ಮುಗಿಸು, ಮುಂದಿನ ವರ್ಷ ನಮ್ಮ ಕಾರಿನ ಬಗ್ಗೆ ಮಾತಾಡೋಣ ಅಂದಿದ್ದರು. ಮಾತಾಡೋಣ, ಅಷ್ಟೇ. ಆ ಒಂದು ಮಾತಿನ ಮೇಲೆ ಚೀಟಿ ಎತ್ತಿದ್ದ ಪುಣ್ಯಾತ್ಮ!

ಎರಡು ಸುತ್ತು ಚೆನ್ನಾಗಿ ಹೋಯ್ತು. ಮೂರನೆಯದರಲ್ಲಿ ದೂರದ ತಿರುವಿನಿಂದ ಬಿಳೀ ಹೊಗೆ. ಬಾನೆಟ್ ಎತ್ತಿದರೆ ಮುಖಕ್ಕೆ ಹಬೆ. ರೇಡಿಯೇಟರಿನ ಕೆಳಗಿನ ಹೋಸ್ ಕ್ಲಿಪ್ ಸಡಿಲವಾಗಿ ನೀರೆಲ್ಲಾ ಸೋರಿತ್ತು. ಭಾಯ್ ಆಯಿಲ್ ಕಡ್ಡಿ ಎಳೆದು ನೋಡಿದರು. ನಮ್ಮ ಕಡೆ ತಿರುಗಿಸಿ ತೋರಿಸಿದರು, ಮಾತಾಡಲಿಲ್ಲ. ಕರಿ ಇರಬೇಕಾದ ಆಯಿಲ್ಲು ಹಾಲು ಹಾಕಿದ ಕಾಫಿ ಬಣ್ಣ!

ಇದರ ಅರ್ಥ ಗೊತ್ತಿಲ್ಲದವರಿಗೆ ಹೇಳ್ತೀನಿ. ಇಂಜಿನ್ನಿನ ಬ್ಲಾಕು ಕೆಳಗೆ, ಹೆಡ್ಡು ಮೇಲೆ. ನಡುವೆ ಒಂದು ತೆಳು ಹಾಳೆ, ಅದೇ ಗ್ಯಾಸ್ಕೆಟ್. ನೀರು, ಆಯಿಲ್, ಉರಿಯೋ ಪೆಟ್ರೋಲ್ ಮೂರೂ ಒಂದಕ್ಕೊಂದು ಸೇರದ ಹಾಗೆ ಕಾಯೋದು ಅದರ ಕೆಲಸ. ನೀರಿಲ್ಲದೆ ಇಂಜಿನ್ ಕಾದರೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುತ್ತೆ, ಗ್ಯಾಸ್ಕೆಟ್ ಹೋಗುತ್ತೆ, ನೀರು ಆಯಿಲ್ಲಿಗೆ ಸೇರುತ್ತೆ. ಆಮೇಲೆ ಓಡಿಸಿದರೆ ಬೇರಿಂಗೂ ಹೋಗುತ್ತೆ. ಓಡಿಸದಿದ್ದರೆ ರೇಸ್ ಹೋಗುತ್ತೆ.

ಸಂಜೆ ಆರೂವರೆಗೆ ಹೆಡ್ಡು ಕೈಗೆ ಬಂತು. ಭಾಯ್ ಅದರ ಮೇಲೆ ಸ್ಟೀಲ್ ಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜಿನ ಎಲೆ ತೂರಿಸಿ ನೋಡಿದರು. ಎಲೆ ಸಲೀಸಾಗಿ ನುಗ್ಗಿತು.

“ಮಿಷಿನ್‌ಗೆ ಹಾಕಿ ತಟ್ಟು ಮಾಡಿಸ್ಬೇಕು. ಗ್ಯಾಸ್ಕೆಟ್ ಹೊಸದು ಬೇಕು. ನಮ್ಮತ್ರ ಎರಡೂ ಇಲ್ಲ.”

“ಆಗಲ್ವಾ ಭಾಯ್?” ಹೀರೋ ಕೇಳಿದ.

“ಆಗಲ್ಲ ಅಂದ್ನಾ ನಾನು?”

ಮದ್ರಾಸಿನ ಅಂಗಡಿಗಳಿಗೆ ಫೋನ್ ಮಾಡಿದ್ದಾಯ್ತು. ಒಂದು ಕಡೆ ಬಾಗಿಲು ಹಾಕಿದ್ದರು, ಒಂದು ಕಡೆ ಸ್ಟಾಕ್ ಇಲ್ಲ. ಕೊನೆಗೆ ಭಾಯ್ ಜೆ.ಸಿ. ರೋಡಿನ ತಮ್ಮ ಖಾಯಂ ಅಂಗಡಿಯವರಿಗೆ ಫೋನ್ ಹಚ್ಚಿ ಉರ್ದು, ಕನ್ನಡ, ತಮಿಳು ಮೂರರಲ್ಲೂ ಬೈದು ಬೇಡಿಕೊಂಡರು. ಆ ಮನುಷ್ಯ ಮುಚ್ಚಿದ್ದ ಷಟರ್ ಎತ್ತಿ, ಗ್ಯಾಸ್ಕೆಟ್ ತೆಗೆದು, ಎರಡು ರಟ್ಟಿನ ನಡುವೆ ಕಟ್ಟಿ, ಹತ್ತೂಮುಕ್ಕಾಲರ ಮದ್ರಾಸ್ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರು. ಬಸ್ಸು ಬರೋದೇ ನಮ್ಮ ಟ್ರ್ಯಾಕ್ ಮುಂದಿನ ಹೈವೇ ಮೇಲೆ!

ಇನ್ನು ಹೆಡ್ಡು. ಅದನ್ನ ಗೋಣಿಚೀಲದಲ್ಲಿ ಸುತ್ತಿ, ಟೆಂಪೋದಲ್ಲಿ ಇಟ್ಕೊಂಡು ಶ್ರೀಪೆರಂಬುದೂರಿನ ಗಲ್ಲಿಗಳಲ್ಲಿ ಸುತ್ತಿದೆವು. ಲೇತ್ ಅಂಗಡಿಗಳಿಗೇನೂ ಬರವಿಲ್ಲ, ಎಲ್ಲಾ ಮುಚ್ಚಿದ್ವು. ಒಂದರ ಮುಂದೆ ಯಜಮಾನ ಬೀಗ ಹಾಕ್ತಾ ನಿಂತಿದ್ದ. “ನಾಳೈ ವಾಂಗ” ಅಂದ. ಭಾನುವಾರ ರಜಾ ಅಂತ ಅವನೇ ನೆನಪು ಮಾಡಿಕೊಂಡು “ತಿಂಗಳ್‌ಕಿಳಮೈ” ಅಂದ, ಸೋಮವಾರ. ಹೀರೋ ತನ್ನ ಹರಕು ತಮಿಳಿನಲ್ಲಿ ರೇಸ್, ನಾಳೆ, ಕಾರ್ ಅಂತೇನೋ ಹೇಳಿದ. ಆ ಮನುಷ್ಯ ಬೀಗದ ಕೈ ಅಲ್ಲೇ ನಿಲ್ಲಿಸಿ, “ರೇಸಾ? ತಲ ಓಟ್ಟಿನ ಟ್ರ್ಯಾಕಾ?” ಅಂದ.

ಬಾಗಿಲು ತೆಗೆದರೆ ಒಳಗೋಡೆ ತುಂಬ ಅಜಿತ್ ಕುಮಾರ್! ಬಿಳೀ ಕೂದಲಿನ ಅಜಿತ್, ಹೆಲ್ಮೆಟ್ ಹಿಡಿದ ಅಜಿತ್. ನಮ್ಮಲ್ಲಿ ಆಟೋ ಹಿಂದೆ ಶಂಕರ್‌ನಾಗ್ ಇದ್ದ ಹಾಗೆ ಅಲ್ಲಿ ಲೇತ್ ಹಿಂದೆ ಅಜಿತ್. ಅವರು ಬರೀ ತೆರೆ ಮೇಲಿನ ರೇಸುಗಾರ ಅಲ್ಲ. 2010ರಲ್ಲಿ ಫಾರ್ಮುಲಾ ಟೂನಲ್ಲಿ ಓಡಿಸಿದವರು. 2025ರ ಜನವರಿಯಲ್ಲಿ ದುಬೈನ 24 ಗಂಟೆ ರೇಸಿನಲ್ಲಿ ಅವರ ತಂಡ ತನ್ನ ವರ್ಗದಲ್ಲಿ ಮೂರನೆಯದಾಗಿ ಬಂತು. ನನ್ನನ್ನು ‘ತಲ’ ಅಂತ ಕರೀಬೇಡಿ ಅಂತ 2021ರಲ್ಲೇ ಅವರು ಕೇಳಿಕೊಂಡಿದ್ದಾರೆ. ಅಭಿಮಾನಿ ಕೇಳ್ಬೇಕಲ್ಲ!

ರಾತ್ರಿ ಹನ್ನೊಂದೂವರೆವರೆಗೆ ಮಿಷಿನ್ ಓಡಿತು. ಸ್ವಲ್ಪ ಸ್ವಲ್ಪವೇ ಕೆರೆಯಬೇಕು. ಜಾಸ್ತಿ ಕೆರೆದರೆ ಇಂಜಿನ್ ಒತ್ತಡ ಏರಿ ಬೇರೆ ರಗಳೆ. ದುಡ್ಡು ಎಷ್ಟು ಅಂದರೆ ಕೂಲಿ ಎಷ್ಟೋ ಅಷ್ಟೇ ಹೇಳಿದ, ಮೇಲೊಂದು ಪೈಸೆ ಇಲ್ಲ. ಬೆಳಿಗ್ಗೆ ಕಾರಿನ ಪಕ್ಕ ನಿಂತು ಒಂದು ಫೋಟೋ, ಅದಷ್ಟೇ ಕೇಳಿದ್ದು.

ಬೆಳಗಿನ ನಾಲ್ಕೂವರೆ. ಹೈವೇ ಪಕ್ಕ ನಾನೂ ಹುಡುಗನೂ ಟಾರ್ಚ್ ಬೀಸ್ತಾ ನಿಂತಿದ್ದೆವು. ಎಷ್ಟು ಬಸ್ಸು ಹೋದ್ವೋ ಲೆಕ್ಕವಿಲ್ಲ. ಕೊನೆಗೊಂದು ಬಸ್ಸು ಹೆಡ್‌ಲೈಟ್ ಎರಡು ಸಲ ಮಿಣುಕಿಸಿ ನಿಧಾನ ಆಯ್ತು. ಕಿಟಕಿಯಿಂದ ರಟ್ಟಿನ ಕಟ್ಟು ಚಾಚಿದ ಡ್ರೈವರ್ ಅಚ್ಚ ಕನ್ನಡದಲ್ಲಿ, “ಗೆಲ್ರಪ್ಪಾ!” ಅಂದು ಗೇರ್ ಹಾಕಿದ. ನಿಜ ಹೇಳ್ತೀನಿ, ಕಣ್ಣು ತುಂಬಿ ಬಂತು.

ಅಲ್ಲಿಂದ ಶುರು. ಹೆಡ್ಡಿನ ಬೋಲ್ಟುಗಳನ್ನ ಮನಸ್ಸಿಗೆ ಬಂದ ಹಾಗೆ ಬಿಗಿಯೋ ಹಾಗಿಲ್ಲ. ನಡುವಿನಿಂದ ಹೊರಕ್ಕೆ, ಒಂದಾದ ಮೇಲೊಂದು, ಟಾರ್ಕ್ ರೆಂಚಿನಲ್ಲಿ ಹಂತಹಂತವಾಗಿ. ಟೈಮಿಂಗ್ ಬೆಲ್ಟು ಒಂದು ಹಲ್ಲು ತಪ್ಪಿದರೂ ಕಥೆ ಮುಗೀತು. ಭಾಯ್ ಯಾರನ್ನೂ ಮುಟ್ಟೋಕೆ ಬಿಡಲಿಲ್ಲ. ಏಳು ಗಂಟೆ ಹೊತ್ತಿಗೆ ಸಣ್ಣಪುಟ್ಟ ಕೆಲಸ ಉಳಿದಿದ್ವು. ಹುಡುಗ ಕೂತಲ್ಲೇ ನಿದ್ದೆ ಹೋಗಿದ್ದ. ಭಾಯ್ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು, “ಆಕ್ಸಿಲರೇಟರ್ ಕೇಬಲ್ ಸಿಕ್ಸಿದ್ದೀನಿ, ಲಾಕ್ ನಟ್ಟು ಟೈಟ್ ಮಾಡು” ಅಂದರು. ಮಾಡಿದೆ. ಅಷ್ಟರಲ್ಲಿ ಯಾರೋ ಚಹಾ ಅಂದರು.

ಎಂಟೂವರೆಗೆ ಇಂಜಿನ್ ಸ್ಟಾರ್ಟ್ ಆಯ್ತು. ಹೊಗೆ ಇಲ್ಲ. ಸೂಜಿ ನಡುವೆ ನಿಂತಿತು. ಅಧಿಕಾರಿಗಳಿಗೆ ಮೊದಲೇ ತಿಳಿಸಿದ್ದರಿಂದ ಅವರು ಬಂದು ಪಂಜರ, ಬೆಲ್ಟು, ಬೆಂಕಿ ಆರಿಸೋ ಸಿಲಿಂಡರು ಮತ್ತೊಮ್ಮೆ ನೋಡಿ ಸರಿ ಅಂದರು. ಲೇತ್ ಯಜಮಾನ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಬಂದು ಫೋಟೋ ಹೊಡೆಸಿಕೊಂಡ.

ಹದಿನಾರು ಕಾರು. ನಮ್ಮದು ಹದಿನಾಲ್ಕನೇ ಜಾಗ. ಎಂಟು ಸುತ್ತು. ಕೆಂಪು ದೀಪ ಆರಿದ್ದೇ ತಡ ಹದಿನಾರೂ ಒಟ್ಟಿಗೆ ಕೂಗಿದವು. ಟಿ.ವಿ.ಯಲ್ಲಿ ಕೇಳೋ ಸದ್ದಲ್ಲ ಅದು, ಎದೆಯೊಳಗೆ ಬಡಿಯುತ್ತೆ. ಮೊದಲ ಸುತ್ತಿಗೆ ಹದಿಮೂರು. ಮೂರನೇ ಸುತ್ತಿಗೆ ಹನ್ನೆರಡು, ಒಬ್ಬ ಮರಳಿಗೆ ಇಳಿದದ್ದರಿಂದ ಹನ್ನೊಂದು. ಐದರಲ್ಲಿ ಒಂದು ಕಾರನ್ನ ಒಳಗಿನಿಂದ ನುಗ್ಗಿ ದಾಟಿದ ನೋಡಿ, ಹತ್ತು! ಪಿಟ್ ಗೋಡೆಯಾಚೆ ಆ ಮ್ಯಾನೇಜರ್ ಕಪ್ಪು ಕನ್ನಡಕ ಹಣೆಗೇರಿಸಿ ನೋಡ್ತಿದ್ದರು. ಭಾಯ್ ಕಣ್ಣು ಮುಚ್ಚಿ ಬರೀ ಸದ್ದು ಕೇಳ್ತಿದ್ದರು.

ಏಳನೇ ಸುತ್ತಿನ ಮಧ್ಯೆ ಭಾಯ್ ಕಣ್ಣು ತೆರೆದರು. “ಹೋಯ್ತು” ಅಂದರು.

ನಮಗಿನ್ನೂ ಏನೂ ಕೇಳಿಸಿರಲಿಲ್ಲ. ಒಂದೊಂದೇ ಕಾರು ಹಾದು ಹೋದವು. ನಮ್ಮದು ಬರಲಿಲ್ಲ. ದೂರದಲ್ಲಿ ಹಳದಿ ಬಾವುಟ ಆಡ್ತಿತ್ತು. ಪೆಡಲ್ ತುಳಿದರೂ ಕಾರು ನಲವತ್ತರ ಮೇಲೆ ಹೋಗ್ತಿಲ್ಲ. ಹಾಗೇ ತೆವಳಿಕೊಂಡು ಬರಬಹುದಿತ್ತು. ಆದರೆ ಹಿಂದಿನಿಂದ ನೂರೈವತ್ತರಲ್ಲಿ ತಿರುವು ದಾಟಿ ಬರೋನಿಗೆ ನಲವತ್ತರ ಕಾರು ಗೋಡೆ ಇದ್ದ ಹಾಗೆ. ಹೀರೋ ಕೈ ಮೇಲೆತ್ತಿ, ದಾರಿ ಬಿಟ್ಟು ಹುಲ್ಲಿಗಿಳಿಸಿ, ಸ್ವಿಚ್ ಆಫ್ ಮಾಡಿ, ಬೇಲಿ ದಾಟಿ ನಿಂತ. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನಡೆದು ಬಂದ. ಕಪ್ಪು ಕನ್ನಡಕದವರು ಅಷ್ಟರಲ್ಲಿ ತಮ್ಮ ಟೀಮಿನ ಕಡೆ ಹೋಗಿಬಿಟ್ಟಿದ್ದರು.

ಕಾರು ಎಳೆದು ತಂದು ಬಾನೆಟ್ ಎತ್ತಿದಾಗ ಗ್ಯಾಸ್ಕೆಟ್ ಕಲ್ಲಿನ ಹಾಗಿತ್ತು. ಒಂದು ಹನಿ ನೀರಿಲ್ಲ, ಆಯಿಲ್ಲಿಲ್ಲ. ಆಕ್ಸಿಲರೇಟರ್ ಕೇಬಲ್ ಮಾತ್ರ ಬ್ರಾಕೆಟ್ಟಿನಿಂದ ಜಾರಿ ಜೋತಾಡ್ತಿತ್ತು. ಲಾಕ್ ನಟ್ಟು ಕೇಬಲ್ ತುದಿಗೆ ಬಂದು ನಿಂತಿತ್ತು. ಅರ್ಧ ಬಿಗಿದು ಚಹಾಕ್ಕೆ ಎದ್ದು ಹೋದ ನಟ್ಟು.

ವಿಲನ್ ಯಾರು ಅಂತ ಗೊತ್ತಾಯ್ತಲ್ಲ?

ನಾನು ಅಲ್ಲಿ ಬಾಯಿ ಬಿಡಲಿಲ್ಲ. ಕಾರು ಟೆಂಪೋಗೆ ಹತ್ತಿಸಿದೆವು. ಆಂಬೂರಿನಲ್ಲಿ ಬಿರಿಯಾನಿ ಮುಂದೆ ಕೂತಾಗ ಅನ್ನ ಗಂಟಲಲ್ಲಿ ಇಳೀಲಿಲ್ಲ. ಹೇಳಿಬಿಟ್ಟೆ. ಹೀರೋ ತಲೆ ಎತ್ತಲಿಲ್ಲ. ಭಾಯ್ ಕೈ ತೊಳೆದು ಬಂದು, “ನಂದು ತಪ್ಪು. ಬೇರೆಯವರ ಕೈಲಿ ಮಾಡಿಸಿದ ಮೇಲೆ ನಾನೊಂದ್ಸಲ ಮುಟ್ಟಿ ನೋಡ್ಬೇಕಿತ್ತು” ಅಂದರು. ಹೀರೋ ಅದಕ್ಕೂ ಮಾತಾಡಲಿಲ್ಲ. ಕೃಷ್ಣಗಿರಿ ದಾಟಿತು, ಹೊಸೂರು ದಾಟಿತು. ಅತ್ತಿಬೆಲೆಯಲ್ಲಿ ಟೆಂಪೋ ನಿಂತಾಗ ಹಿಂದೆ ತಿರುಗಿ, “ಲೋ, ಚಹಾನಾದ್ರೂ ಪೂರ್ತಿ ಕುಡಿದ್ಯಾ?” ಅಂದ. ನಗ್ತಿದ್ನೋ ಬೈತಿದ್ನೋ ಕತ್ತಲಲ್ಲಿ ಕಾಣಲಿಲ್ಲ.

ಚೀಟಿ ಕಂತು ಇನ್ನೂ ಹನ್ನೊಂದು ತಿಂಗಳಿದೆ. ಎಸ್ಟೀಮ್ ಭಾಯ್ ಗ್ಯಾರೇಜಿನಲ್ಲಿ ಟಾರ್ಪಾಲ್ ಕೆಳಗಿದೆ, ಮಾರೋ ಮಾತು ಯಾರೂ ಎತ್ತಿಲ್ಲ. ನಾನೂ ಭಾನುವಾರ ಭಾನುವಾರ ಹೋಗ್ತೀನಿ. ಟಾರ್ಚ್ ಹಿಡಿಯೋಕೆ ಕೊಡ್ತಾರೆ. ಸ್ಪ್ಯಾನರ್ ಇನ್ನೂ ಕೊಟ್ಟಿಲ್ಲ.