ಕಡಲ ನಡುವೆ ಮಾತೆ ಮರಿಯಮ್ಮ

ಲೇಪಾಕ್ಷಿಯ ವೀರಭದ್ರ ಗುಡಿಯಲ್ಲಿ ತೂಗುಕಂಬದ ಅಡಿ ಬಟ್ಟೆ ಹಾಯಿಸಿ ನೋಡಿ ಬೆರಗಾದವರು ನಮ್ಮ ಹಿಂದೂಪುರದ ಕಡೆ ಬಹಳ ಮಂದಿ. ಅದು ವಿಜಯನಗರ ಕಾಲದ ಶಿಲ್ಪಿಗಳ ಕೈಚಳಕ. ಯಾವ ಶಿಲ್ಪಿಯೂ ಉಳಿ ತಾಗಿಸದ ಕಲ್ಲುಕಂಬಗಳನ್ನು ನೋಡಬೇಕಾದರೆ ಉಡುಪಿಯ ಬಳಿಯ ಮಲ್ಪೆ ಬಂದರಿಗೆ ಹೋಗಬೇಕು. ಒಣ ನೆಲದ ನಮ್ಮ ಮಕ್ಕಳಿಗೆ ಸಮುದ್ರವನ್ನೂ ತೋರಿಸಿದಂತಾಗುತ್ತದೆ.

ಮಲ್ಪೆಯಿಂದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ ಸಾಗಿದರೆ ಸಂತ ಮೇರಿ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮಾತೆ ಮರಿಯಮ್ಮನವರ ಹೆಸರಿಟ್ಟನೆಂಬುದು ಪ್ರತೀತಿ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದಲ್ಲಿ, ಉಕ್ಕಿದ ಲಾವಾರಸ ತಣಿಯುತ್ತಾ ಕುಗ್ಗಿ ಬಿರುಕು ಬಿಟ್ಟಿತು. ಹೀಗೆ ಐದಾರು ಮೂಲೆಗಳ ಕಂಬಗಳು ಜೋಡಿಸಿಟ್ಟಂತೆ ನಿಂತವು. ಸೃಷ್ಟಿಕರ್ತನ ಕೈಗೆಲಸ ಎನ್ನದೆ ಇರಲಾಗದು. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಬಂಡೆಗಳು ಜಾರುತ್ತವೆ, ಮಕ್ಕಳ ಕೈ ಬಿಡಬೇಡಿ.

ಅಲ್ಲಿಂದ ಉತ್ತರಕ್ಕೆ ರಸ್ತೆಯಲ್ಲಿ ಹೋದರೆ ಬಸ್ರೂರು, ಕುಂದಾಪುರ, ಗಂಗೊಳ್ಳಿ ಎಂಬ ಹಳೆಯ ಬಂದರುಗಳು. ಕುಂದಾಪುರದ ರೋಜರಿ ಮಾತೆಯ ದೇವಾಲಯ 1570ರದ್ದು. 2015ರಲ್ಲಿ ಪೋಪ್ ಫ್ರಾನ್ಸಿಸರು ಸಂತರೆಂದು ಘೋಷಿಸಿದ ಜೋಸೆಫ್ ವಾಜ್, ಶ್ರೀಲಂಕೆಗೆ ಹೋಗುವ ಮೊದಲು, 1681ರಿಂದ 1684ರವರೆಗೆ ಈ ಕೆನರಾ ಕರಾವಳಿಯಲ್ಲೇ ದುಡಿದರು.

ಇನ್ನೂ ಮೇಲೆ ಹೋದರೆ ಕಾರವಾರ. ಅಲ್ಲಿನ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಭಕ್ತರು ದೋಣಿಗಳಲ್ಲೇ ಹೋಗುತ್ತಾರೆ. 2019ರ ಜನವರಿಯಲ್ಲಿ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ತೀರಿಕೊಂಡರು. ಸೆಕೆಯೆಂದು ಲೈಫ್ ಜಾಕೆಟ್ ಬಿಚ್ಚಿಡುವವರು ಇದನ್ನು ನೆನಪಿಡಬೇಕು.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಕಾರವಾರದ ದಕ್ಷಿಣಕ್ಕೆ, ಬಿಣಗಾ ಸಮೀಪದ ಅಂಜುದೀವದಲ್ಲಿ. ನಮ್ಮ ದಡದ ಪಕ್ಕದಲ್ಲೇ ಇದ್ದರೂ ದ್ವೀಪ ಗೋವೆಗೆ ಸೇರಿದ್ದು. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. 1660ರ ದಶಕದಲ್ಲಿ ಮುಂಬಯಿಗಾಗಿ ಕಾಯುತ್ತಾ ಇಲ್ಲಿ ತಂಗಿದ ನೂರಾರು ಇಂಗ್ಲಿಷ್ ಸೈನಿಕರು ಕಾಯಿಲೆಯಿಂದ ಸತ್ತರು. ಅವರ ನಾಯಕ ಅಬ್ರಹಾಂ ಶಿಪ್‌ಮನ್ ಕೂಡ ಉಳಿಯಲಿಲ್ಲ. 1961ರ ಡಿಸೆಂಬರಿನ ಗೋವಾ ವಿಮೋಚನೆಯಲ್ಲಿ ನಮ್ಮ 7 ನಾವಿಕರು ಇಲ್ಲಿ ಪ್ರಾಣ ಕೊಟ್ಟರು.

ಈ ದ್ವೀಪದಲ್ಲಿ ಬ್ರೋಟಾಸ್ ಮಾತೆಯ ದೇವಾಲಯವಿದೆ. ಸಂತ ಅಸ್ಸಿಸಿಯ ಫ್ರಾನ್ಸಿಸರ ಪ್ರಾರ್ಥನಾಲಯವೂ ಇದೆ. ಫೆಬ್ರವರಿ 2ರಂದು ಮಾತೆಯ ಹಬ್ಬಕ್ಕೆ, ಅಕ್ಟೋಬರ್ 4ರಂದು ಸಂತರ ಹಬ್ಬಕ್ಕೆ ಭಕ್ತರು ದೋಣಿಯೇರಿ ಬಂದು ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದರು. ಸೀಬರ್ಡ್ ಯೋಜನೆಯಲ್ಲಿ ದ್ವೀಪ ನೌಕಾನೆಲೆಗೆ ಸೇರಿತು. ಈಗ ಸಾರ್ವಜನಿಕರು ಮನಸ್ಸು ಬಂದಾಗ ಹೋಗುವಂತಿಲ್ಲ. ದೇಶದ ರಕ್ಷಣೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೂ ಹಬ್ಬದ ಆ ಎರಡು ದಿನ, ನೌಕಾಪಡೆಯ ಕಾವಲಿನಲ್ಲೇ, ಒಬ್ಬ ಗುರುಗಳಿಗೂ ಹತ್ತಾರು ಭಕ್ತರಿಗೂ ವರ್ಷವರ್ಷವೂ ತಪ್ಪದೆ ಅನುಮತಿ ಸಿಗಲಿ ಎಂದು ಕೇಳುವುದು ಹೆಚ್ಚೇನಲ್ಲ.